ಬಿಲ್ಲಗುಡ್ಡದ ಎಣ್ಣೆಬನ

ಬಿಲ್ಲಗುಡ್ಡದ ದಕ್ಷಿಣ ಮಗ್ಗುಲಲ್ಲಿ, ಹಾಳುಕೋಟೆಯ ಕೆಳಬಾಗಿಲಿನಿಂದ ಕೂಗಳತೆಯ ದೂರದಲ್ಲಿ, ಹುಣಿಸೆ ಮತ್ತು ಹೊಂಗೆ ಮರಗಳ ಒಂದು ದಟ್ಟ ತೋಪಿದೆ. ಸುತ್ತಲೂ ಜಾಲಿ, ಬಂದರಿಕೆಯ ಕುರುಚಲು ಗಿಡ, ಕಾದ ಬಂಡೆ. ನಡುವೆ ಇದೊಂದೇ ಹಸಿರು. ಕೋಟೆ ನೋಡಲು ಬಂದವರು ಬಿಸಿಲಿಗೆ ಬಳಲಿ ಇದರೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಬೇವಿನೆಣ್ಣೆಯ ಕಹಿ ವಾಸನೆ. ಆಮೇಲೆ, ಕಣ್ಣು ನೆರಳಿಗೆ ಹೊಂದಿಕೊಂಡಂತೆ, ಮರಗಳ ನಡುವೆ ಯಾರೋ ನಿಂತಿರುವುದು ಕಾಣುತ್ತದೆ. ಅವು ಎದೆಯೆತ್ತರದ, ಕಪ್ಪಗೆ ಮಿರುಗುವ ಮರದ ವಿಗ್ರಹಗಳು. ಊರವರು ಈ ತೋಪನ್ನು ಎಣ್ಣೆಬನ ಎನ್ನುತ್ತಾರೆ. ಹಿಂದೆ ಇಲ್ಲಿ ಗಾಣವಿತ್ತು, ಅದಕ್ಕೇ ಆ ಹೆಸರು ಎಂದು ಹೇಳುವವರೂ ಉಂಟು. ಆದರೆ ಗಾಣದ ಕಲ್ಲಿನ ಒಂದು ಚೂರೂ ಇಲ್ಲಿ ಯಾರಿಗೂ ಸಿಕ್ಕಿಲ್ಲ. ನಾನು ನಮ್ಮ ಸೋದರತ್ತೆಯ ಬಾಯಿಂದ ಕೇಳಿದ, ಆಮೇಲೆ ಕಣಿವೆಯ ಮುದುಕಿಯರನ್ನು ವಿಚಾರಿಸಿ ತಾಳೆ ನೋಡಿದ ಕಥೆ ಬೇರೆಯೇ ಇದೆ.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ಪಾಳೆಯಗಾರನಿದ್ದ ಕಾಲದಲ್ಲಿ, ಬಿಲ್ಲಗುಡ್ಡವನ್ನು ಗಾದಿಲಿಂಗನಾಯಕನೆಂಬವನು ಆಳುತ್ತಿದ್ದನಂತೆ. ಕತ್ತಿಯಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ. ಅವನಿಗೊಂದು ಹುಚ್ಚಿತ್ತು, ಕೋಟೆಯ ಕೆಳಗೆ ಒಂದು ಉದ್ಯಾನ ಮಾಡಬೇಕೆಂದು. ಈ ಸುಡುನೆಲದಲ್ಲಿ ಮಲ್ಲಿಗೆ, ದಾಳಿಂಬೆ, ಬಾಳೆಗಳನ್ನು ಬೆಳೆಸಿ ಅಕ್ಕಪಕ್ಕದ ನಾಯಕರ ಹೊಟ್ಟೆ ಉರಿಸಬೇಕೆಂದು. ಅದಕ್ಕೆ ನೀರು ಬರಬೇಕಾದದ್ದು ಕಣಿವೆಯ ಕೊರ್ಲಗಟ್ಟೆ ಎಂಬ ಹಳ್ಳಿಯ ಕೆರೆಯಿಂದ. ನಾಯಕನು ಗುಡ್ಡದ ಬುಡದವರೆಗೆ ಕಾಲುವೆ ತೆಗೆಸಿ, ಅಲ್ಲಿಂದ ಏತ ಹಾಕಿ ನೀರನ್ನು ಮೇಲೆತ್ತಿಸಿದ. ತೋಟದಲ್ಲಿ ಮಲ್ಲಿಗೆ ಅರಳಿತು, ಕೊರ್ಲಗಟ್ಟೆಯಲ್ಲಿ ಪೈರು ಒಣಗಿತು. ಆ ಊರಿನ ಕಾವಲಿನ ಯಜಮಾನ ಚಿತ್ರಯ್ಯ. ನಾಯಕನ ಪರವಾಗಿ ಎಷ್ಟೋ ಜಗಳಗಳಲ್ಲಿ ಬಿಲ್ಲು ಹಿಡಿದಿದ್ದವನು. ಅವನು ಎರಡು ಬಾರಿ ಕೋಟೆಗೆ ಹೋಗಿ ಕೇಳಿಕೊಂಡ. ಉತ್ತರ ಬರಲಿಲ್ಲ. ಮೂರನೆಯ ಸಲ ಕೇಳಲು ಹೋಗದೆ, ತನ್ನ ಜೊತೆಯ ಏಳೆಂಟು ಮಂದಿ ಕಾವಲುಗಾರರೊಂದಿಗೆ ಹಾರೆ ಗುದ್ದಲಿ ಹಿಡಿದು ಕಾಲುವೆಯ ಬಾಯನ್ನು ಕಲ್ಲುಮಣ್ಣಿನಿಂದ ಮುಚ್ಚಿಬಿಟ್ಟ.

ನಾಯಕನು ಸಿಟ್ಟಾಗಲಿಲ್ಲ. ಅದನ್ನು ಕಂಡು ಅವನ ಮನೆಯವರಿಗೇ ಹೆದರಿಕೆಯಾಯಿತು ಎನ್ನುತ್ತಾರೆ. ಅವನು ವೀಳ್ಯ ಕಳಿಸಿ, ತಪ್ಪು ತನ್ನದೇ, ತೋಟದಲ್ಲಿ ಕೂತು ಒಟ್ಟಿಗೆ ಉಣ್ಣೋಣ, ನೀರಿನ ಮಾತನ್ನು ಅಲ್ಲೇ ಮುಗಿಸೋಣ ಎಂದು ಹೇಳಿಸಿದ. ಚಿತ್ರಯ್ಯನೂ ಅವನ ಜೊತೆಯ ಕಾವಲುಗಾರರೂ ಬಂದರು. ಉಣ್ಣುವ ಜಾಗಕ್ಕೆ ಆಯುಧ ತರುವುದು ಮರ್ಯಾದೆಯಲ್ಲವೆಂದು ಬಾಗಿಲಲ್ಲೇ ಬಿಲ್ಲು ಬಾಕುಗಳನ್ನು ಇಳಿಸಿದರು. ಎಲೆ ಹಾಕಿದರು, ಅನ್ನ ಬಡಿಸಿದರು, ನಾಯಕನು ತಾನೇ ನಿಂತು ತುಪ್ಪ ಬಡಿಸಿದ. ಅವರು ಎಲೆಗೆ ಕೈಯಿಟ್ಟ ಹೊತ್ತಿಗೆ ಹಿಂದಿನ ಬಾಳೆಗಿಡಗಳ ಮರೆಯಿಂದ ಅವನ ಆಳುಗಳು ಎದ್ದರು. ಕೂತವರಿಗೆ ಏಳಲು ಬಿಡುವಿರಲಿಲ್ಲ. ಕೆಲವರ ತಲೆ ಎಲೆಯ ಮೇಲೇ ಬಿತ್ತು. ಒಬ್ಬನು ತುಪ್ಪದ ಗಿಂಡಿಯನ್ನೇ ಎತ್ತಿ ಒಬ್ಬ ಆಳಿನ ಹಲ್ಲು ಮುರಿದು, ಆಮೇಲೆ ಈಟಿಗೆ ಸಿಕ್ಕ. ಚಿತ್ರಯ್ಯನೊಬ್ಬನೇ ಗೋಡೆಯವರೆಗೆ ಓಡಿದವನು. ಗೋಡೆ ಹತ್ತುತ್ತಿದ್ದಾಗ ಅವನ ಹಿಮ್ಮಡಿಯ ನರ ಕಡಿದು, ಕೆಳಗೆಳೆದು, ಕೊಂದರು. ಆ ದಿನ ತೋಟದ ಬದುಗಳಲ್ಲಿ ಹರಿದದ್ದು ನೀರಲ್ಲ. ಹೆಣಗಳನ್ನು ಹೆಂಡಿರು ಮಕ್ಕಳಿಗೆ ಕೊಡದೆ ಕೋಟೆಯ ಹಿಂದಿನ ಹಾಳುಬಾವಿಗೆ ಎಸೆದು ಮೇಲೆ ಬಂಡೆ ಉರುಳಿಸಿದರು.

ಇಷ್ಟಕ್ಕೂ ನಾಯಕನ ಮನಸ್ಸು ತಣಿಯಲಿಲ್ಲ. ವಿರೂಪೋಜನೆಂಬ ಬಡಗಿಯನ್ನು ಕರೆಸಿ, ಸತ್ತವರ ಒಬ್ಬೊಬ್ಬರ ಆಕಾರವನ್ನೂ ಹೊನ್ನೆಯ ಮರದಲ್ಲಿ ಕೆತ್ತಬೇಕೆಂದು ಅಪ್ಪಣೆ ಮಾಡಿದ. ತಲೆ ತಗ್ಗಿಸಿರಬೇಕು, ಎದೆಯ ಮುಂದೆ ಕೈ ಮುಗಿದಿರಬೇಕು. ತೋಟಕ್ಕೆ ಬಂದ ನೆಂಟರೆಲ್ಲ ನೋಡಬೇಕು. ವಿರೂಪೋಜನಿಗೆ ಆ ಮುಖಗಳೆಲ್ಲ ಗೊತ್ತಿದ್ದವು; ಕೊರ್ಲಗಟ್ಟೆಯ ನೇಗಿಲುಗಳನ್ನು ಮಾಡಿಕೊಟ್ಟವನೇ ಅವನು. ಒಲ್ಲೆನೆಂದರೆ ತನ್ನ ತಲೆಯೂ ಉಳಿಯದೆಂದು ಕೆತ್ತಿದ. ನಾಯಕನು ಅವನ್ನು ಕಂಬ ಹುಗಿದಂತೆ ಬಾಳೆಗಿಡಗಳ ನಡುವಿನ ಹಸಿಮಣ್ಣಿನಲ್ಲಿ ಹುಗಿಸಿದ. ಬಂದ ಅತಿಥಿಗಳು ಕುಡಿದ ಮತ್ತಿನಲ್ಲಿ ಚಾಟಿಯಿಂದ ಹೊಡೆದು ನಗುತ್ತಿದ್ದರು. ಮರವನ್ನು ಹಸಿನೆಲಕ್ಕೆ ಹುಗಿದರೆ ಉಳಿದೀತೇ? ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾದಗಳು ಕೊಳೆತವು, ಗೆದ್ದಲು ಮೊಣಕಾಲಿನವರೆಗೆ ಮಣ್ಣು ಮೆತ್ತಿತು. ಒಂದು ದಿನ ಪಕ್ಕದ ಸೀಮೆಯ ನಾಯಕನೊಬ್ಬ ನೋಡುತ್ತಿದ್ದಂತೆಯೇ ಚಿತ್ರಯ್ಯನ ವಿಗ್ರಹ ಬುಡ ಮುರಿದು ಬೋರಲು ಬಿತ್ತು.

“ಏನಪ್ಪಾ ಗಾದಿಲಿಂಗ, ಸತ್ತ ಮೇಲೂ ಇವನು ನಿನ್ನ ಮುಂದೆ ನಿಲ್ಲಾಕೆ ಒಲ್ಲೆ ಅಂತಾನಲ್ಲ!” ಎಂದು ಅವನು ತೊಡೆ ತಟ್ಟಿಕೊಂಡು ನಕ್ಕ.

ಆ ಸಂಜೆಯೇ ತೋಟದ ಮಾಲಿಯ ಎರಡೂ ಕೈಗಳನ್ನು ನಾಯಕನು ಕತ್ತರಿಸಿ ಹಾಕಿಸಿದ. ವಿಗ್ರಹಗಳನ್ನು ನೋಡಿಕೊಳ್ಳುವವರು ಬೇಕೆಂದು ಡಂಗುರ ಹೊಡೆಸಿದರೆ ಯಾರು ಬಂದಾರು? ಬಂದವಳು ಒಬ್ಬಳೇ. ಬರಿಗಾಲಿನಲ್ಲಿ, ಬೋಳು ಹಣೆಯಲ್ಲಿ ಬಂದು ನಾಯಕನೆದುರು ನಿಂತು, “ನಾನು ಪಾಲಕ್ಕ. ಚಿತ್ರಯ್ಯನ ಹೆಂಡ್ತಿ. ಈ ಕೆಲಸ ನಂಗೆ ಕೊಡ್ರಿ” ಎಂದಳಂತೆ. ನಾಯಕನು ಮೊದಲು ನಂಬಲಿಲ್ಲ. ಆಮೇಲೆ ನಂಬಿ ಹಿಗ್ಗಿದ. ಸತ್ತವನ ಹೆಂಡತಿಯೇ ತನ್ನ ತೋಟದಲ್ಲಿ ಊಳಿಗಕ್ಕೆ ನಿಲ್ಲುವುದಕ್ಕಿಂತ ದೊಡ್ಡ ಗೆಲುವು ಅವನ ಬುದ್ಧಿಗೆ ತೋಚಲಿಲ್ಲ. ಅವಳು ಕೇಳಿದ್ದನ್ನೆಲ್ಲ ಕೊಡಿಸಿದ.

ಅವಳು ಕೇಳಿದ್ದಾದರೂ ಏನು? ಕಲ್ಲು, ಎಣ್ಣೆ, ಹಳೆಬಟ್ಟೆ, ಒಂದು ಉಳಿ. ವಿರೂಪೋಜನನ್ನು ಕರೆಸಿಕೊಂಡು ಕೊಳೆತ ಪಾದಗಳನ್ನು ಕೊಯ್ಯಿಸಿ ಹೊಸ ಹೊನ್ನೆಯನ್ನು ಬೆಸೆಸಿದಳು. ಒಂದೊಂದು ವಿಗ್ರಹಕ್ಕೂ ಗೇಣೆತ್ತರದ ಕಲ್ಲುಪೀಠ ಹಾಕಿಸಿ, ನೀರು ನಿಲ್ಲದಂತೆ ಅದನ್ನು ತುಸು ವಾಟವಾಗಿ ಕೂರಿಸಿ, ಮರಕ್ಕೂ ಕಲ್ಲಿಗೂ ನಡುವೆ ಗಾಳಿ ಆಡುವಷ್ಟು ಸಂದು ಬಿಡಿಸಿದಳು. ಬಾಳೆಗಳ ನಡುವೆ ಇದ್ದವನ್ನು ಒಣನೆಲದ ಹುಣಿಸೆಯ ನೆರಳಿಗೆ ಸಾಗಿಸಿದಳು. ಉಳಿಯ ತುದಿಯಿಂದ ಗೆದ್ದಲಿನ ಮಣ್ಣನ್ನು ಎಳೆ ಎಳೆಯಾಗಿ ಕೆರೆದಳು. ಬಿರುಕುಗಳಿಗೆ ಜೇನುಮೇಣ ತುಂಬಿದಳು. ಬೇವಿನೆಣ್ಣೆಯನ್ನು ಬೆಚ್ಚಗೆ ಕಾಯಿಸಿ, ನೆತ್ತಿಯಿಂದ ಪಾದದವರೆಗೆ, ಕೂಸಿಗೆ ಎರೆಯುವ ಮುನ್ನ ತಿಕ್ಕುವ ಹಾಗೆ ತಿಕ್ಕಿದಳು. ಗಂಡನ ಹೆಣವನ್ನು ತೊಳೆಯುವ ಭಾಗ್ಯ ಅವಳಿಗೆ ಸಿಕ್ಕಿರಲಿಲ್ಲ. ಬೇಸಗೆಯ ಮೊದಲಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಹೀಗೆ ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ತರಗೆಲೆ ಗುಡಿಸುವುದು, ಹಕ್ಕಿಯ ಹಿಕ್ಕೆ ಒರೆಸುವುದು. ವಿಗ್ರಹಗಳು ಕಪ್ಪೇರಿದವು, ಕಬ್ಬಿಣದಂತಾದವು.

ಕೊರ್ಲಗಟ್ಟೆಯವರು ಮಾತ್ರ ಅವಳ ಹೆಸರು ಹೇಳಿ ಉಗುಳುತ್ತಿದ್ದರು. ಒಂದು ಮಧ್ಯಾಹ್ನ ಅವಳ ಅತ್ತೆ, ಚಿತ್ರಯ್ಯನ ತಾಯಿ ಗಂಗವ್ವ, ಮಡಿಲ ತುಂಬ ಕಲ್ಲು ಕಟ್ಟಿಕೊಂಡು ತೋಟದ ಬಾಗಿಲಿಗೆ ಬಂದಳು. ಕಾವಲಿನವರು ಮೋಜು ನೋಡಲೆಂದು ಒಳಗೆ ಬಿಟ್ಟರು. ಮುದುಕಿ ಬೀಸಿದ ಮೊದಲ ಕಲ್ಲೇ ಪಾಲಕ್ಕನ ಹುಬ್ಬು ಒಡೆಯಿತು.

“ನನ್ನ ಮಗನ್ನ ಕೊಂದೋನ ಕೂಳು ತಿಂತೀಯೇನೇ? ಅವನ ಗೊಂಬಿ ಒರೆಸ್ತೀಯೇನೇ?”

ಪಾಲಕ್ಕ ರಕ್ತವನ್ನು ಒರೆಸಿಕೊಳ್ಳಲಿಲ್ಲ. “ಅತ್ತೀ, ನಿನ್ನ ಮಗನ ಕಾಲು ಹುಳ ತಿಂತಿತ್ತು. ನನ್ನ ಕೈಲಿ ನೋಡಾಕಾಗಲಿಲ್ಲ. ಬಾ, ಮುಖ ಮುಟ್ಟು. ಆಮೇಲೆ ಎಷ್ಟು ಕಲ್ಲು ಬೇಕಾದ್ರೂ ಒಗಿ.”

ಗಂಗವ್ವ ಬಂದು ಮುಟ್ಟಿದಳು. ಗಲ್ಲ, ಮೂಗು, ಸಣ್ಣವನಿದ್ದಾಗ ಎತ್ತು ಹಾಯ್ದು ಆದ ಹಣೆಯ ಕಲೆ, ಎಲ್ಲವೂ ಇದ್ದವು. ವಿರೂಪೋಜ ಯಾವುದನ್ನೂ ಮರೆತಿರಲಿಲ್ಲ. ಮುದುಕಿಯ ಮಡಿಲಿನ ಕಲ್ಲುಗಳು ಒಂದೊಂದಾಗಿ ಜಾರಿಬಿದ್ದವು. ಅವಳು ವಿಗ್ರಹದ ಕಾಲು ತಬ್ಬಿಕೊಂಡು, ಮಗ ಸತ್ತ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು. ಕಾವಲಿನವರ ನಗೆ ನಿಂತಿತು.

ಇದು ನಡೆದ ಕೆಲವು ವರ್ಷಗಳ ಮೇಲೆ, ಆಯುಧಪೂಜೆಯ ದಿನ, ನಾಯಕನು ಹೊಸದಾಗಿ ಮಾಡಿಸಿದ ಖಡ್ಗವನ್ನು ನೆಂಟರಿಷ್ಟರಿಗೆ ತೋರಿಸಲು ತೋಟಕ್ಕೆ ಬಂದ. ಕುಂಬಳಕಾಯಿ ಒಡೆದಾಯಿತು, ಕುರಿ ಕಡಿದಾಯಿತು. ಯಾರೋ ಒಬ್ಬರು, “ಇವೆಲ್ಲ ಮೆತ್ತನ್ನವು ಕಣಯ್ಯಾ” ಎಂದು ಕೆಣಕಿದರು. ನಾಯಕನು ಸುತ್ತ ನೋಡಿ, ನೇರ ಚಿತ್ರಯ್ಯನ ವಿಗ್ರಹದ ಬಳಿ ನಡೆದ. ಪಾಲಕ್ಕ ಅಡ್ಡ ಬಂದಳು.

“ಬ್ಯಾಡ್ರಿ ನಾಯಕರೇ. ಒಂದು ಸಲ ಕಡಿದೀರಿ. ಸಾಕು.”

“ಸರಿಯೇ,” ಎಂದ ನಾಯಕ. ಅವಳ ಕೂದಲು ಹಿಡಿದು ಪಕ್ಕಕ್ಕೆ ಎಸೆದ. ಅವಳು ಎದ್ದು ಮತ್ತೆ ಬಂದು ವಿಗ್ರಹವನ್ನು ತಬ್ಬಿಕೊಂಡಳು. ನಾಯಕನು ನೆಂಟರ ಮುಂದೆ ಕೈ ಹಿಂದೆಗೆಯುವವನಲ್ಲ. ಬೀಸಿದ ಖಡ್ಗ ಅವಳ ಎಡಗೈಯನ್ನು ಮೊಣಕೈಯ ಕೆಳಗೆ ಕಡಿದು, ಮರದ ಭುಜದೊಳಗೆ ಹೋಗಿ ಸಿಕ್ಕಿಕೊಂಡಿತು. ವರ್ಷಗಟ್ಟಲೆ ಎಣ್ಣೆ ಕುಡಿದು ಬಿಗಿದ ಹೊನ್ನೆ ಅದು. ಎಷ್ಟು ಜಗ್ಗಿದರೂ ಖಡ್ಗವನ್ನು ಬಿಡಲಿಲ್ಲ. ನಾಯಕನು ಪೀಠಕ್ಕೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಖಡ್ಗದ ಹಿಡಿಯನ್ನು ಬಿಗಿಹಿಡಿದು, ಕತ್ತು ಚಾಚಿ ಎಳೆಯುತ್ತಿದ್ದ. ಪಾಲಕ್ಕನ ಬಲಗೈ ಸೊಂಟಕ್ಕೆ ಹೋಯಿತು. ಗೆದ್ದಲು ಕೆರೆಯುವ ಉಳಿಯನ್ನು ಅವಳು ಅವನ ಕಿವಿಯ ಕೆಳಗೆ ಹಿಡಿಯವರೆಗೂ ಇಳಿಸಿದಳು. ಆಳುಗಳು ಓಡಿಬಂದು ಅವಳ ಮೈಗೆ ಈಟಿ ಚುಚ್ಚಿದರು. ಒಂದಲ್ಲ, ಹಲವು. ನಾಯಕನೂ ಅವಳೂ ಒಂದೇ ಪೀಠದ ಎರಡು ಮಗ್ಗುಲಲ್ಲಿ ಬಿದ್ದು ಸತ್ತರು.

ಸುದ್ದಿ ಕಣಿವೆಗೆ ಇಳಿದದ್ದೇ ತಡ, ಕೊರ್ಲಗಟ್ಟೆಯವರು ಗುಡ್ಡ ಹತ್ತಿದರು. ತಲೆಯಿಲ್ಲದ ಕೋಟೆ ಎಷ್ಟು ಹೊತ್ತು ನಿಂತೀತು? ಬಾಗಿಲು ಮುರಿಯಿತು, ಕಣಜಕ್ಕೆ ಬೆಂಕಿ ಬಿತ್ತು, ಔತಣದ ದಿನ ಬಾಳೆಯ ಮರೆಯಲ್ಲಿ ಅಡಗಿದ್ದ ಆಳುಗಳನ್ನು ಹುಡುಕಿ ಹುಡುಕಿ ಕೊಂದರು. ಅಂತಃಪುರದ ಬಾಗಿಲಿಗೆ ಬಂದಾಗ ನಾಯಕನ ಹೆಂಡತಿ ನಾಗಾಜಮ್ಮ ಕೈಯಲ್ಲಿ ಬಾಕು ಹಿಡಿಯದೆ ಹೊರಗೆ ಬಂದಳು. ಕುಡುಗೋಲು ಎತ್ತಿ ಬಂದ ಗಂಡಸರನ್ನು ಹಿಂದಕ್ಕೆ ತಳ್ಳಿ ಮುಂದೆ ನಿಂತವಳು ಗಂಗವ್ವ.

“ನಮ್ಮ ಹೆಣ ಎಲ್ಲಿ ಅದಾವೆ, ಅಷ್ಟು ಹೇಳವ್ವ,” ಎಂದಳು.

ನಾಗಾಜಮ್ಮ ಮುಂದೆ ನಡೆದು ಹಾಳುಬಾವಿಯನ್ನು ತೋರಿಸಿದಳು. ಬಂಡೆ ಸರಿಸಿ, ಮೂಳೆಗಳನ್ನು ಎತ್ತಿ, ಪಾಲಕ್ಕನ ಹೆಣದ ಜೊತೆ ತೋಟದಲ್ಲೇ ಮಣ್ಣು ಮಾಡಿದರು. ಮರುದಿನ ಗಂಗವ್ವ ವಿರೂಪೋಜನನ್ನು ಕರೆಸಿ, “ಇವರು ಯಾರಿಗೂ ಕೈ ಮುಗಿದೋರಲ್ಲ, ತೆಗಿ” ಎಂದಳು. ಬಡಗಿ ಒಂದೊಂದು ವಿಗ್ರಹದ ಮುಗಿದ ಕೈಗಳನ್ನೂ ಗರಗಸದಿಂದ ಕೊಯ್ದು ತೆಗೆದ. ತಗ್ಗಿದ ತಲೆಗಳನ್ನು ಎತ್ತುವುದು ಮಾತ್ರ ಅವನಿಂದ ಆಗಲಿಲ್ಲ. ಕುತ್ತಿಗೆ ಕೊಯ್ಯಲು ಅವನೂ ಒಪ್ಪಲಿಲ್ಲ, ತಾಯಂದಿರೂ ಒಪ್ಪಲಿಲ್ಲ. ಕೊಯ್ದ ಹಸಿ ಗಾಯಗಳಿಗೆ ನೀರು ಇಳಿಯಬಾರದೆಂದು ಗಂಗವ್ವ ಪಾಲಕ್ಕನ ಗಡಿಗೆಯನ್ನು ಒಲೆಗಿಟ್ಟು ಎಣ್ಣೆ ಕಾಯಿಸಿದಳು. ತಿಕ್ಕುತ್ತಿರುವಾಗ ಇನ್ನೊಂದು ಬಟ್ಟೆ ಹಿಡಿದು ಎದುರು ಬದಿಯಲ್ಲಿ ಬಂದು ಕೂತವಳು ನಾಗಾಜಮ್ಮ. ಅವಳನ್ನು ಯಾರೂ ಏಳಿಸಲಿಲ್ಲ. ಕೆರೆಯ ನೀರು ಕೆರೆಯಲ್ಲೇ ಉಳಿಯಿತು. ಮಲ್ಲಿಗೆ, ಬಾಳೆಗಳು ಒಣಗಿ, ನೀರು ಕೇಳದ ಮರಗಳು ಮಾತ್ರ ಬೆಳೆದು ಬನವಾಯಿತು. ಅಂದಿನಿಂದ ಅದು ಎಣ್ಣೆಬನ.

ಈಗಲೂ ಮಳೆ ನಿಂತ ಮೇಲೆ ಕೊರ್ಲಗಟ್ಟೆಯ ಹೆಂಗಸರೂ ಗುಡ್ಡದ ಮೇಲಿನ ಮನೆಗಳ ಹೆಂಗಸರೂ ಒಂದು ಬೆಳಿಗ್ಗೆ ಕೂಡಿ ವಿಗ್ರಹಗಳಿಗೆ ಎಣ್ಣೆ ತಿಕ್ಕುತ್ತಾರೆ. ಒಂದು ತೀರ ಜೀರ್ಣವಾದರೆ ಅದರ ಪಕ್ಕದಲ್ಲೇ ಹೊನ್ನೆಯ ದಿಮ್ಮಿ ಇಟ್ಟು, ಅಳತೆ ಹಿಡಿದು, ಅದೇ ಮುಖವನ್ನು ಮತ್ತೆ ಕೆತ್ತಿಸುತ್ತಾರೆ. ಆದ್ದರಿಂದ ಇವುಗಳಲ್ಲಿ ವಿರೂಪೋಜನ ಕೈಯವು ಎಷ್ಟು, ಆಮೇಲಿನವು ಎಷ್ಟು ಎಂದು ಹೇಳಲು ನನ್ನಿಂದಾಗದು. ನೋಡಲು ಬಂದವರು ಮೊಂಡುಗೈಗಳನ್ನು ಕಂಡು ಯಾರೋ ದಂಡಿನವರು ಒಡೆದಿರಬೇಕೆಂದು ಮಾತಾಡಿಕೊಳ್ಳುತ್ತಾರೆ. ನಿಂತು ನೋಡಿದರೆ ಅವರಿಗೆ ಕಾಣುವುದು ಎಣ್ಣೆಯಿಂದ ಮಿರುಗುವ ನೆತ್ತಿ ಮಾತ್ರ. ಮುಖ ನೋಡಬೇಕೆಂದವರು, ಅವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, ಪೀಠದ ಮುಂದೆ ನೆಲದ ಮೇಲೆ ಮಂಡಿಯೂರಿ ಕತ್ತು ಎತ್ತಬೇಕು.