ನೇಕಾರನ ಹಿತ್ತಲಿನ ಕಾಸು

"ಬುದ್ಧಿ, ನೊಂದವರ ಸಮಾಧಾನಕ್ಕೆಂದು ಒಂದು ಸಣ್ಣ ಸುಳ್ಳು ಹೇಳಿದರೆ ಅದು ಪಾಪವೇ?" ಎಂದು ಶಿಷ್ಯ ಕೇಳಿದ.

ಆ ಹೊತ್ತಿಗೆ ಮಠದ ಜಗಲಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಅವನ ಮಗ ಮನೆ ಬಿಟ್ಟು ಹೋಗಿ ವರ್ಷ ಕಳೆದಿತ್ತು. ಮುದುಕ ಹಿಂದಿನ ಸಲ ಬಂದಾಗ, ನಿಮ್ಮ ಮಗ ಇಲ್ಲಿಗೆ ಬಂದಿದ್ದ, ಪಂಕ್ತಿಯಲ್ಲಿ ಕೂತು ಊಟ ಮಾಡಿಕೊಂಡು ಹೋದ, ಚೆನ್ನಾಗಿದ್ದಾನೆ ಎಂದು ಶಿಷ್ಯ ಹೇಳಿದ್ದ. ಹಾಗೆ ಯಾರೂ ಬಂದಿರಲಿಲ್ಲ. ಆದರೆ ಮುದುಕ ಅವತ್ತು ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡಿದ್ದ. ಇದನ್ನೆಲ್ಲ ಶಿಷ್ಯ ಗುರುಗಳಿಗೆ ಹೇಳಲಿಲ್ಲ. ಪ್ರಶ್ನೆಯನ್ನಷ್ಟೇ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಅದು ಹಳೆಯ ಕೋಟೆಯ ಊರು. ಕೋಟೆ ಹೋಗಿ ಕಾಲವಾಗಿತ್ತು. ಅದರ ಕಲ್ಲುಗಳು ಜನರ ಮನೆಗಳ ಪಾಯ ಸೇರಿದ್ದವು. ಮಳೆ ಬಿದ್ದಾಗ ಯಾರದಾದರೂ ಅಂಗಳದಲ್ಲಿ ಒಂದು ಹಳೆಯ ಕಾಸು ತಲೆ ಎತ್ತುತ್ತಿತ್ತು. ಅಷ್ಟು ಸಾಕು, ಆ ಬೀದಿ ಮುಂದಿನ ಮಳೆಯವರೆಗೆ ಅದನ್ನೇ ಮಾತಾಡಿಕೊಂಡಿರುತ್ತಿತ್ತು.

ಅಲ್ಲಿಗೆ ಒಬ್ಬ ಮನುಷ್ಯ ಲೋಹ ಪತ್ತೆ ಮಾಡುವ ಯಂತ್ರ ತಂದ. ಮಂತ್ರಿಗಳು ಬರುವಾಗ ಪೊಲೀಸರು ಜನರ ಮೈಮೇಲೆ ಆಡಿಸುತ್ತಾರಲ್ಲ, ಅದೇ ಬಗೆಯದು. ಇದಕ್ಕೆ ಉದ್ದ ಕೋಲು, ತುದಿಯಲ್ಲಿ ತಟ್ಟೆ. ನೆಲದೊಳಗೆ ಒಂದು ಮೊಳದವರೆಗೆ ಲೋಹವಿದ್ದರೆ ಕೂಗುತ್ತದೆ, ಅದರಾಚೆ ಅದಕ್ಕೂ ತಿಳಿಯದು. ಇದನ್ನು ಅವನು ಎಲ್ಲರಿಗೂ ಮೊದಲೇ ಹೇಳುತ್ತಿದ್ದ. ಹಳೆಯ ನಾಣ್ಯ ಕೂಡಿಡುವ ಹುಚ್ಚು ಬಿಟ್ಟರೆ ಮನುಷ್ಯ ಒಳ್ಳೆಯವನು. ಕೇಳದೆ ಯಾರ ಅಂಗಳಕ್ಕೂ ಕಾಲಿಡುತ್ತಿರಲಿಲ್ಲ. ತೋಡಿದ ಗುಂಡಿಯನ್ನು ಮುಚ್ಚಿ, ಮೇಲೆ ನೀರು ಚಿಮುಕಿಸಿ ಹೋಗುತ್ತಿದ್ದ. ಸಿಕ್ಕಿದ್ದನ್ನು ಮೊದಲು ಮನೆಯವರ ಕೈಗೆ ಕೊಡುತ್ತಿದ್ದ. ಹೆಚ್ಚಾಗಿ ಸಿಗುತ್ತಿದ್ದುದು ಸೋಡಾ ಬಾಟಲಿಯ ಮುಚ್ಚಳ, ಎತ್ತಿನ ಲಾಳ, ಬ್ಲೇಡು. ಹಿರಿಯರು ಬಿಟ್ಟುಹೋದ ಆಸ್ತಿ ಎಂದು ಅದನ್ನೂ ಕೆಲವರು ತೊಳೆದು ಒಳಗಿಟ್ಟುಕೊಂಡರು.

ಬೀದಿಯ ಕೊನೆಯಲ್ಲಿ ಒಬ್ಬ ನೇಕಾರನಿದ್ದ. ಹಿತ್ತಲಲ್ಲಿ ಮುತ್ತಜ್ಜ ಒಂದು ಕೊಡ ಹೂತಿದ್ದಾನೆ ಎಂದು ಅವನ ತಾಯಿ ಸಾಯುವಾಗ ಹೇಳಿದ್ದಳು. ನೇಕಾರ ಅದನ್ನು ಒಮ್ಮೆ ಯಾರ ಹತ್ತಿರವೋ ಬಾಯಿಬಿಟ್ಟ. ಅಂದಿನಿಂದ ಬೀದಿಯವರು ಅವನನ್ನು ಸಾಹುಕಾರ ಎಂದು ಕರೆದರು. ಅವನು ಹಿಡಿ ಉಪ್ಪು ಕೇಳಲು ಹೋದರೂ, ಕೊಡ ತೆಗೆಯಿರಿ ಸಾಹುಕಾರ್ರೇ ಎಂದರು. ನೇಕಾರ ತಲೆ ತಗ್ಗಿಸಿ ನೇಯುತ್ತಿದ್ದ. ಸೀರೆ ಚೆನ್ನಾಗಿ ಬರುತ್ತಿತ್ತು.

ಯಂತ್ರದವನು ಅವನ ಹಿತ್ತಲಿಗೆ ಬಂದ ದಿನ ಬೀದಿಯೆಲ್ಲ ಗೋಡೆ ಹತ್ತಿ ಕೂತಿತ್ತು. ಯಂತ್ರ ಕೂಗಿತು, ಒಂದು ಮುಚ್ಚಳ ಸಿಕ್ಕಿತು. ಮತ್ತೆ ಕೂಗಿತು, ಮುರಿದ ಚಿಲಕ ಸಿಕ್ಕಿತು. ಅಷ್ಟೇ. ಬಂಗಾರದ ಚಿಲಕವೇನೋ, ಉಜ್ಜಿ ನೋಡಿ ಸಾಹುಕಾರ್ರೇ ಎಂದು ಗೋಡೆಯ ಮೇಲಿಂದ ಒಬ್ಬ ಹೇಳಿದ. ನೇಕಾರ ನಿಜವಾಗಿಯೂ ಪಂಚೆಯ ತುದಿಯಿಂದ ಚಿಲಕವನ್ನು ಉಜ್ಜಿದ.

ಯಂತ್ರದವನಿಗೆ ಅದನ್ನು ನೋಡಲಾಗಲಿಲ್ಲ. ಅವನ ಜೇಬಿನಲ್ಲಿ ತಾಮ್ರದ ಒಂದು ಕಾಸು ಇತ್ತು. ಅವನಿಗೆ ಮೊಟ್ಟಮೊದಲು ಸಿಕ್ಕಿದ್ದು. ಆನೆಯ ಗುರುತು, ಅಂಚಿನಲ್ಲಿ ಒಂದು ಕಚ್ಚು. ಗುಂಡಿ ಮುಚ್ಚುವ ನೆಪದಲ್ಲಿ ಬಗ್ಗಿ ಆ ಕಾಸನ್ನು ಒಳಗೆ ಬಿಟ್ಟ. ಮಣ್ಣು ಎಳೆದ. ಇನ್ನೊಂದು ಸಲ ನೋಡೋಣ ಎಂದು ಯಂತ್ರ ಆಡಿಸಿದ. ಯಂತ್ರ ಕೂಗಿತು. ನೇಕಾರ ತೋಡಿದ. ಕಾಸನ್ನು ಕಣ್ಣಿಗೊತ್ತಿಕೊಂಡ. ಗೋಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ಹೋದರು.

ಯಂತ್ರದವನು ಅಂದು ನೆಮ್ಮದಿಯಿಂದ ಮಲಗಿದ. ಒಳ್ಳೆಯ ಕೆಲಸ ಮಾಡಿದವರಿಗೆ ನಿದ್ದೆ ಬೇಗ ಬರುತ್ತದೆ.

ಒಂದು ಕಾಸು ಸಿಕ್ಕಿತೆಂದರೆ ಕೊಡ ಇದೆ ಎಂದಾಯಿತು. ನೇಕಾರ ಅಗೆಯತೊಡಗಿದ. ಹಿತ್ತಲು ಮುಗಿಯಿತು. ಕರಿಬೇವಿನ ಗಿಡದ ಬುಡ ಮುಗಿಯಿತು. ಹಿಂದಿನ ಗೋಡೆಯ ಪಾಯದ ಕಡೆ ತಿರುಗಿದ. ಮಗ್ಗ ನಿಂತಿತು, ಆಮೇಲೆ ಮಗ್ಗದ ಮರಗಳನ್ನೇ ಬಿಚ್ಚಿ, ಗುಂಡಿಯ ಮಣ್ಣು ಕುಸಿಯದಂತೆ ಆಸರೆಗೆ ನಿಲ್ಲಿಸಿದ. ಹೆಂಡತಿ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಕೊನೆಗೆ ಅವಳು ಯಂತ್ರದವನ ಮನೆ ಹುಡುಕಿಕೊಂಡು ಹೋದಳು. ಎಲ್ಲಿದೆ ಎಂದು ಒಂದು ಸಲ ತೋರಿಸಿಬಿಡಿ, ಗೋಡೆ ಬೀಳುವ ಮುಂಚೆ ಮುಗಿದರೆ ಸಾಕು ಎಂದಳು.

ಅವನು ಅವಳ ಹಿಂದೆಯೇ ಬಂದ. ಗುಂಡಿಯ ಅಂಚಿನಲ್ಲಿ ನಿಂತು, "ಆ ಕಾಸು ನಾನು ಹಾಕಿದ್ದು. ಇಲ್ಲಿ ಏನೂ ಇಲ್ಲ. ಮೇಲೆ ಬನ್ನಿ," ಎಂದ.

ನೇಕಾರ ಗುದ್ದಲಿಗೆ ಕೈ ಊರಿ ನಕ್ಕ. "ಇಷ್ಟು ದಿನ ಇಲ್ಲದವರು ಇವತ್ತು ಓಡಿ ಬಂದಿರಿ. ನಾನು ಕೊಡದ ಹತ್ತಿರ ಬಂದಿದ್ದೇನೆ ಅಂತ ಈಗ ಗೊತ್ತಾಯಿತು," ಎಂದ.

ಯಂತ್ರದವನು ಕಾಸಿನ ಅಂಚಿನ ಕಚ್ಚಿನ ಗುರುತು ಹೇಳಿದ. ಅವತ್ತು ನೀವೂ ಕೈಯಲ್ಲಿ ಹಿಡಿದು ನೋಡಿದಿರಲ್ಲ ಎಂದು ನೇಕಾರ ಹೇಳಿದ. ಯಂತ್ರದವನು ಗುಂಡಿಗಿಳಿದು ಯಂತ್ರ ಆಡಿಸಿ ತೋರಿಸಿದ. ಯಂತ್ರ ಕೂಗಲಿಲ್ಲ. ಮೊಳದಾಚೆ ಅದಕ್ಕೆ ತಿಳಿಯದು ಎಂದು ನೀವೇ ಅಂದಿದ್ದಿರಿ ಎಂದು ನೇಕಾರ ನೆನಪಿಸಿದ. ಯಂತ್ರದವನು ಆ ಊರಲ್ಲಿ ಆಡಿದ ನಿಜದ ಮಾತುಗಳಲ್ಲಿ ನೇಕಾರ ನಂಬಿದ್ದು ಅದೊಂದನ್ನೇ.

ಅವನು ಬೀದಿಯವರಿಗೆ ಕೈಮುಗಿದು, ನೇಕಾರನನ್ನು ತಡೆಯಿರಿ ಎಂದು ಬೇಡಿಕೊಂಡ. ಅವರು ಒಪ್ಪಿದರು. ಸರದಿಯ ಮೇಲೆ ಹಿತ್ತಲು ಕಾಯತೊಡಗಿದರು. ಕೊಡ ಮೇಲೆ ಬರುವಾಗ ತಾವೂ ಇರಬೇಕಲ್ಲ.

ಮಳೆ ಬಂತು. ಒಂದು ಬೆಳಗ್ಗೆ ಗೋಡೆ ಕುಸಿಯಿತು. ನೇಕಾರ ಅದರ ಕೆಳಗಿದ್ದ. ಬೀದಿಯವರು ಗುದ್ದಲಿ ಹಿಡಿದು ಬಂದರು. ಅವನು ಅಗೆದುದಕ್ಕಿಂತ ಬೇಗ ಅಗೆದರು. ಉಸಿರು ಹೋಗಿತ್ತು. ಕಾಸು ಸೊಂಟದ ಗಂಟಿನಲ್ಲಿತ್ತು.

ಯಂತ್ರದವನು ಮಣ್ಣಿಗೆ ಬಂದ. ಸೇರಿದವರೆಲ್ಲರ ಎದುರು ನಡೆದದ್ದನ್ನು ನಡೆದ ಹಾಗೆ ಹೇಳಿದ. ಎಲ್ಲರೂ ತಾಳ್ಮೆಯಿಂದ ಕೇಳಿದರು. ನಿಧಿ ಬಲಿ ತೆಗೆದುಕೊಂಡಿತು ಎಂದರು. ಇಲ್ಲದ ನಿಧಿ ಬಲಿ ಕೇಳುತ್ತದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಚಿಲಕ ಉಜ್ಜಲು ಹೇಳಿದವನೇ ಪಕ್ಕಕ್ಕೆ ಬಂದು, ನಮ್ಮ ಅಂಗಳಕ್ಕೆ ಯಾವತ್ತು ಬರುತ್ತೀರಿ ಎಂದು ವಿಚಾರಿಸಿದ. ಸತ್ತವನ ವಿಷಯ ಬಂದಾಗ, ನಮ್ಮ ಸಾಹುಕಾರರು ಎಂದ. ಈ ಸಲ ಅವನು ನಗಲಿಲ್ಲ.

ಎಲ್ಲರೂ ಹೋದ ಮೇಲೆ ನೇಕಾರನ ಹೆಂಡತಿ ಬಂದಳು. ಅಂಗೈಯಲ್ಲಿ ಕಾಸು ಇತ್ತು.

"ಅಣ್ಣಾ, ಇದು ನಿಮ್ಮದಾದರೆ ನನ್ನ ಗಂಡ ಏನೂ ಇಲ್ಲದ್ದಕ್ಕೆ ಸತ್ತ ಹಾಗಾಯಿತು. ನಮ್ಮದಾದರೆ, ಪಾಯದ ಆ ಬದಿ ಅಗೆಯುವುದು ಇನ್ನೂ ಉಳಿದಿದೆ, ನಾನು ಅಗೆಯುತ್ತೇನೆ. ಅವರೆಲ್ಲರ ಮುಂದೆ ಹೇಳಿದ್ದು ಬಿಡಿ. ನನಗೊಬ್ಬಳಿಗೆ ಹೇಳಿ, ಇದು ಯಾರದು?"

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

"ಅವನು ಏನು ಹೇಳಿದ ಬುದ್ಧಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಜಗಲಿಯ ಮೇಲಿರುವವರು ಎತ್ತು ಮಾರಿ ಮಗನನ್ನು ಹುಡುಕಲು ಹೊರಟಿದ್ದಾರೆ, ಅವನು ಪಂಕ್ತಿಗೆ ಬಂದಾಗ ಯಾವ ಬಣ್ಣದ ಅಂಗಿ ಹಾಕಿದ್ದ ಎಂದು ಬೆಳಗಿನಿಂದ ಕೇಳುತ್ತಿದ್ದಾರೆ, ಹೋಗಿ ಹೇಳು."