ಇರುವೆಯ ಎಣಿಕೆ, ಕರಡಿಯ ಹಲಗೆ

ಜೇನು ಮಾರುವ ಕರಡಿಯ ಪರವಾಗಿ ಮೈನಾ ಮರವೇರಿ ಹಾಡುತ್ತಿತ್ತು. ಕೇಳಲು ನಿಂತವರನ್ನು ಇರುವೆ ಎಣಿಸುತ್ತಿತ್ತು. ಆ ಸಂಖ್ಯೆಯನ್ನು ಜೇಡ ನೂಲಿನ ಮೂಲಕ ಕರಡಿಯ ಗವಿಯ ಹಲಗೆಗೆ ಮುಟ್ಟಿಸುತ್ತಿತ್ತು. ಒಂದು ದಿನ ಹಲಗೆಯ ‘ತಲೆ’ ಎಂಬ ಮನೆಯಲ್ಲಿ ನೂರು ಎಂದು ಬಂತು. ಕರಡಿ ಮಳೆಗಾಲಕ್ಕೆಂದು ಕೂಡಿಟ್ಟಿದ್ದ ಜೇನನ್ನೆಲ್ಲ ನೂರು ದೊನ್ನೆಗೆ ಸುರಿದು ಹೊತ್ತು ತಂದರೆ, ಮರದಡಿ ಇದ್ದದ್ದು ನೂರು ಕಾಲಿನ ಒಂದು ಜರಿ.

“ಉಳಿದ ತೊಂಬತ್ತೊಂಬತ್ತು ಮಂದಿ ಎಲ್ಲಿ ಹಾಳಾಗಿ ಹೋದರು?” ಕರಡಿ ಗುಡುಗಿತು.

“ನನ್ನ ಎತ್ತರಕ್ಕೆ ಕಾಲಷ್ಟೇ ಕಾಣೋದು ಧಣಿ, ಕಾಲನ್ನೇ ಎಣಿಸಿದೆ,” ಎಂದಿತು ಇರುವೆ.

“ಮತ್ತೆ ತಲೆ ಅಂತ ಯಾಕೆ ಬಂತೋ ಜೇಡ?”

“ನಿಮ್ಮ ಹಲಗೆಯಲ್ಲಿ ಕಾಲಿಗೆ ಮನೆಯೇ ಇಲ್ಲ ಧಣಿ. ತಲೆಯ ಮನೆ ಖಾಲಿಯಿತ್ತು, ಅಲ್ಲಿಗೇ ಕಟ್ಟಿದೆ.”

ಕರಡಿ ಹಣೆ ಚಚ್ಚಿಕೊಂಡು ಒಂದು ದೊನ್ನೆಯನ್ನು ಜರಿಯ ಮುಂದೆ ತಳ್ಳಿತು.

“ಜೇನು ನನಗೆ ಆಗೋದಿಲ್ಲ ಸ್ವಾಮಿ,” ಎಂದಿತು ಜರಿ, “ಹಾಡು ಕೇಳೋಕೆ ಬಂದೆ.”