ಮತ್ತೆ ಮತ್ತೆ ಕೂಸಾದ ಲೋಳೆಮೀನು

ಬಂಡೆಯ ಸಂದಿಯಲ್ಲಿದ್ದ ಮುದಿ ಏಡಿಯ ಬಳಿಗೆ ಲೋಳೆಮೀನೊಂದು ತೇಲಿ ಬಂತು.

"ಏಡಿಯಜ್ಜಾ, ನಿನಗಿನ್ನು ಹೆಚ್ಚು ದಿನವಿಲ್ಲ. ನನಗೋ ಮುಪ್ಪೇ ಇಲ್ಲ. ಪೆಟ್ಟಾದರೂ ಸರಿ, ಹೆದರಿದರೂ ಸರಿ, ಕುಗ್ಗಿ ಕೂಸಾಗಿ ಬಂಡೆಗೆ ಅಂಟಿಕೊಳ್ಳುತ್ತೇನೆ, ಹೊಸದಾಗಿ ಬೆಳೆಯುತ್ತೇನೆ" ಎಂದಿತು.

"ಗೊತ್ತು" ಎಂದಿತು ಏಡಿ. "ಆಮೆ ಬರುವ ದಾರಿ ಯಾವುದು, ಹೇಳು ನೋಡೋಣ."

"ಆಮೆ ಎಂದರೇನು?"

"ನಿನ್ನನ್ನು ತಿನ್ನುವ ಪ್ರಾಣಿ. ಇದನ್ನು ನಿನಗೆ ಮೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಕೂಸಾದೆ, ಮರೆತೆ. ನಾನು ಸತ್ತ ಮೇಲೆ ನಿನಗೆ ಹೇಳುವವರು ಯಾರು?"

ಆ ಮಾತಿಗೆ ಲೋಳೆಮೀನು ಗಡಗಡ ನಡುಗಿತು. ನೋಡನೋಡುತ್ತಿದ್ದಂತೆ ಕುಗ್ಗಿ, ಕೂಸಾಗಿ, ಬಂಡೆಗೆ ಅಂಟಿಕೊಂಡಿತು.

ಏಡಿ ಅಡ್ಡಡ್ಡ ನಡೆದು ಅದರ ಪಕ್ಕದಲ್ಲಿ ಕೂತಿತು. "ಮಗಾ, ಆಮೆ ಎಂದರೆ..." ಎಂದು ನಾಲ್ಕನೆಯ ಸಲ ಶುರು ಮಾಡಿತು.